ಹನ್ನೊಂದರಿಂದ ಮುಂದೆ ಎಲ್ಲರಿಗೂ

ಜಯನಗರ ನಾಲ್ಕನೇ ಬ್ಲಾಕ್, ಬೆಂಗಳೂರು
೬ ಜನವರಿ ೨೦೨೫

ಚಿ. ಪ್ರಕೃತಿಗೆ ಬದರಿ ಅಂಕಲ್ ಮಾಡುವ ಆಶೀರ್ವಾದಗಳು.

ನಾಲ್ಕು ವರ್ಷದ ಮೇಲೆ ಇದೇನು ಕಾಗದ ಎಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಕ್ಷೇಮ. ನನ್ನ ಕಿವಿ ಮಾತ್ರ ಪೂರ್ತಿ ಕೈಕೊಟ್ಟಿದೆ. ಫೋನಿನಲ್ಲಿ ನಾನು ಹೂಂ ಎಂದರೆ ಏನೂ ಕೇಳಿಸಲಿಲ್ಲ ಎಂದು ತಿಳಿಯಬೇಕು. ನೀನು ಧಾರವಾಡದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೀಯೆಂದು ಯಾರೋ ಹೇಳಿದರು, ಆ ವಿಳಾಸಕ್ಕೇ ಬರೆಯುತ್ತಿದ್ದೇನೆ. ಪದ್ಮನಾಭನಗರಕ್ಕೆ ಹೋಗಿ ನಿಮ್ಮಮ್ಮನನ್ನು ಕೇಳಬಹುದಿತ್ತು. ಕೇಳಲಿಲ್ಲ.

ವಿಷಯಕ್ಕೆ ಬರುತ್ತೇನೆ. ೨೦೧೯ರಲ್ಲಿ ನಿಮ್ಮ ತಂದೆಯವರ ಮಾತಿಗೆ ಕಟ್ಟುಬಿದ್ದು ನಮ್ಮ ವಧೂವರ ಕೇಂದ್ರಕ್ಕೆ ನೀನೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ, ಜ್ಞಾಪಕವಿದೆಯಾ? ಪ್ರತಿ ತಿಂಗಳ ಮೊದಲ ಭಾನುವಾರ, ಆ ತಿಂಗಳು ಬಂದ ಎಂಟೊಂಬತ್ತು ಜಾತಕಗಳನ್ನು ನಾನೇ ಒಂದು ಬೆರಳಿನಲ್ಲಿ ಕುಟ್ಟಿ ಹಾಕುತ್ತೇನೆ. ರಾಶಿ, ನಕ್ಷತ್ರ, ಕುಜ ಯಾವ ಮನೆಯಲ್ಲಿದ್ದಾನೆ ಎಲ್ಲವನ್ನೂ. ಒಂದು ಗುಂಡಿ ಒತ್ತಿದರೆ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಅಚ್ಚಾಗಿ ಬರುತ್ತದೆ. ಆರು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಏಪ್ರಿಲ್ ೨೭ಕ್ಕೆ ದೊಡ್ಡ ಸಮಾವೇಶ ಇಟ್ಟುಕೊಂಡಿದ್ದೇವೆ. ಅದಕ್ಕೊಂದು ಪುಸ್ತಕ ಮಾಡಿಸೋಣವೆಂದು ಇದುವರೆಗಿನ ಆರುನೂರ ನಲವತ್ತು ಜಾತಕಗಳನ್ನೂ ಒಟ್ಟಿಗೆ ಹಾಕಿ ಗುಂಡಿ ಒತ್ತಿದೆ. ಮೊದಲ ಹತ್ತು ಜನ ಪುಣ್ಯವಂತರು. ಹನ್ನೊಂದರಿಂದ ಮುಂದೆ ಎಲ್ಲರಿಗೂ ಕುಜದೋಷ! ಕೊನೆಯ ನಂಬರಿನ ತನಕ ಒಬ್ಬರೂ ತಪ್ಪಿಸಿಕೊಂಡಿಲ್ಲ.

ಡಿಸೆಂಬರಿನಲ್ಲಿ ಹೊಸ ಕಂಪ್ಯೂಟರ್ ತಂದೆವು. ಅದರದ್ದೇ ಕಿತಾಪತಿ ಇರಬೇಕು. ನಮ್ಮ ಜನ ನಿನಗೆ ಗೊತ್ತಲ್ಲ. ದೋಷವಿರುವ ಹುಡುಗಿಗೆ ದೋಷವಿರುವ ಹುಡುಗನನ್ನೇ ಹುಡುಕಬೇಕು, ಇಲ್ಲದವರ ಮನೆಯವರು ಕಾಫಿಯನ್ನೂ ಮುಟ್ಟದೆ ಎದ್ದುಬಿಡುತ್ತಾರೆ. ಇಂಥ ಪುಸ್ತಕ ಅಚ್ಚು ಹಾಕಿಸಿದರೆ ನನ್ನನ್ನು ಕಲ್ಯಾಣಮಂಟಪದ ಬಾಗಿಲಲ್ಲೇ ಅಟ್ಟಿಸಿಕೊಂಡು ಬರುತ್ತಾರೆ. ಏನಾಗಿದೆ ನೋಡಿ ಬೇಗ ಬರೆ ಪುಟ್ಟಿ.

ಸದಾ ನಿನ್ನ ಶ್ರೇಯಸ್ಸು ಬಯಸುವ,
ಬದರಿನಾಥ


ಧಾರವಾಡ
೧೬ ಜನವರಿ ೨೦೨೫

ಪೂಜ್ಯ ಬದರಿ ಅಂಕಲ್‌ಗೆ ನಮಸ್ಕಾರಗಳು.

ಕೈಬರಹದ ಕಾಗದ ಕಂಡು ಸ್ಟಾಫ್‌ರೂಮಿನಲ್ಲಿ ಹಬ್ಬವೇ ಆಯಿತು. ನಮ್ಮ ಅಟೆಂಡರ್ ಹಣಮಪ್ಪ, "ಮದುವಿ ಮಾತುಕತಿ ಏನ್ರೀ ಮೇಡಂ?" ಎಂದು ಕೇಳಿದ. ಹೌದು, ಆರುನೂರ ನಲವತ್ತು ಜನರದ್ದು ಎಂದೆ.

ಹೊಸ ಕಂಪ್ಯೂಟರಿನ ಮೇಲೆ ಗೂಬೆ ಕೂರಿಸಬೇಡಿ. ನನ್ನ ಅನುಮಾನ ನಿಮ್ಮ ಬೆರಳಿನ ಮೇಲೆ. ಪ್ರೋಗ್ರಾಂ ಕೊಟ್ಟ ಹೊಸತರಲ್ಲಿ ವಯಸ್ಸಿನ ಜಾಗದಲ್ಲಿ ನೀವು "೨೮ ನಡೆಯುತ್ತಿದೆ" ಎಂದು ತುಂಬಿದ್ದು ಮರೆತಿಲ್ಲ. ಪ್ರೋಗ್ರಾಮಿನಲ್ಲಿ ಪ್ರತಿ ಮಾಹಿತಿಯನ್ನೂ ಒಂದು ಹೆಸರಿನಡಿ ಇಡುತ್ತೇವೆ. ಬೇರೆ ಕಂಪ್ಯೂಟರ್ ಭಾಷೆಗಳಾದರೆ ಈ ಹೆಸರಿನಡಿ ಅಂಕಿ ಮಾತ್ರ ಇಡಬೇಕು ಎಂದು ಮೊದಲೇ ಕರಾರು ಮಾಡಿಸಿಕೊಂಡು, ಅಕ್ಷರ ಬಂದರೆ ಬಾಗಿಲಲ್ಲೇ ತಡೆಯುತ್ತವೆ. ನಾನು ಬಳಸಿದ ಭಾಷೆ ಹಾಗಲ್ಲ. ಅದು ಯಾರ ಜಾತಿಯನ್ನೂ ಕೇಳುವುದಿಲ್ಲ. ಇವತ್ತು ಒಂದು ಹೆಸರಿನಡಿ ಸಂಖ್ಯೆ ಇಡಿ, ನಾಳೆ ಅಲ್ಲೇ ಒಂದು ವಾಕ್ಯ ಇಡಿ, ಒಪ್ಪಿಕೊಳ್ಳುತ್ತದೆ. ಆ ಹೆಸರನ್ನು ಮೊದಲೇ ಘೋಷಿಸಬೇಕೆಂಬ ನಿಯಮವೂ ಇಲ್ಲ, ಬರೆದ ಕ್ಷಣಕ್ಕೆ ಹುಟ್ಟಿಕೊಳ್ಳುತ್ತದೆ. ಬೇಗ ಕೆಲಸವಾಗುತ್ತದೆಂದು ಅವತ್ತು ಅದನ್ನೇ ಆರಿಸಿಕೊಂಡಿದ್ದೆ.

ಪ್ರೋಗ್ರಾಮಿನ ಒಂದು ಪ್ರತಿ ನನ್ನ ಹತ್ತಿರ ಇದೆ. ಬಿಡುವು ಮಾಡಿಕೊಂಡು ನೋಡುತ್ತೇನೆ.

ನಮಸ್ಕಾರಗಳೊಂದಿಗೆ,
ಪ್ರಕೃತಿ


ಜಯನಗರ
೨೭ ಜನವರಿ ೨೦೨೫

ಚಿ. ಪ್ರಕೃತಿಗೆ ಆಶೀರ್ವಾದಗಳು.

ಭಲೇ! ಗೋತ್ರ, ಸೂತ್ರ, ಪ್ರವರ ಎಂದು ದಿನವಿಡೀ ಒದ್ದಾಡುವ ಕೇಂದ್ರಕ್ಕೆ ಜಾತಿ ಕೇಳದ ಭಾಷೆಯನ್ನು ತಂದಿಟ್ಟೆಯಾ? ಕಮಿಟಿಯವರಿಗೆ ತಿಳಿದರೆ ಶಾಂತಿ ಮಾಡಿಸುತ್ತಾರೆ.

ವಯಸ್ಸಿನ ಕಾಲಮಿನಲ್ಲಿ ಏನೇನು ಬರೆದೆನೋ, ಒಪ್ಪಿದೆ. ಕುಜನ ಮನೆಯ ಕಾಲಮಿನಲ್ಲಿ ಮಾತ್ರ ಅಂಕಿ ಬಿಟ್ಟು ಬೇರೇನೂ ಬರೆದವನಲ್ಲ ನಾನು. ಆ ವಿಷಯದಲ್ಲಿ ನನ್ನ ಬೆರಳನ್ನು ಬೈದರೆ ಸುಮ್ಮನಿರುವುದಿಲ್ಲ. ನಮ್ಮ ಕೇಂದ್ರದ ಪದ್ಧತಿಯಲ್ಲಿ ಕುಜ ಏಳರಲ್ಲೋ ಎಂಟರಲ್ಲೋ ಇದ್ದರೆ ದೋಷ, ಉಳಿದಲ್ಲೆಲ್ಲ ನಿರ್ದೋಷ. ಇಷ್ಟನ್ನೇ ತಾನೆ ನಿನಗೆ ಹೇಳಿದ್ದು?

ಈಚೆಗೆ ದೋಷದ ಜಾತಕಗಳು ವಿಪರೀತ ಹೆಚ್ಚಿವೆ ಎಂಬುದು ಬೇರೆ ಮಾತು. ಹೋದ ವರ್ಷ ಸಭೆಯಲ್ಲಿ ಇದರ ಬಗ್ಗೆ ಅರ್ಧ ಗಂಟೆ ಭಾಷಣವನ್ನೇ ಮಾಡಿದೆ. ಸಿಸೇರಿಯನ್ನುಗಳಿಂದ ಹೀಗಾಗುತ್ತಿದೆ ಎಂದೆ. ಎಲ್ಲರೂ ತಲೆದೂಗಿದರು.

ಮೊನ್ನೆ ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರ ನಿಮ್ಮಕ್ಕ ಸಮನ್ವಿತಾಳನ್ನು ಕಂಡೆ. ಮಾತನಾಡಿಸುವಷ್ಟರಲ್ಲಿ ಬಸ್ಸು ಹತ್ತಿದಳು. ಹುಳಿಮಾವಿನ ಮನೆಯಿಂದ ತವರಿಗೆ ಬಂದಿದ್ದಳೇನೋ. ಸ್ವಲ್ಪ ಇಳಿದಿದ್ದಾಳೆ.

ನಿನ್ನ ಉತ್ತರವನ್ನೇ ಕಾಯುತ್ತಿರುವ,
ಬದರಿ ಅಂಕಲ್


ಧಾರವಾಡ
೯ ಫೆಬ್ರವರಿ ೨೦೨೫

ಪೂಜ್ಯ ಅಂಕಲ್,

ತಪ್ಪು ನಿಮ್ಮ ಬೆರಳಿನದಲ್ಲ. ನನ್ನದು.

ನಿಮಗೆ ಅರ್ಥವಾಗುವ ಹಾಗೆ ಹೇಳಲು ಎರಡು ಕಾಗದ ಹರಿದು ಹಾಕಿದೆ. ಪ್ರೋಗ್ರಾಂ ಜಾತಕಗಳನ್ನು ಒಂದಾದ ಮೇಲೊಂದು ಎತ್ತಿಕೊಳ್ಳುತ್ತದೆ. ಪ್ರತಿಯೊಬ್ಬರಿಗೂ ಒಂದು ಸುತ್ತು. ಆ ಸುತ್ತಿನಲ್ಲಿ ಕುಜ ಏಳು ಅಥವಾ ಎಂಟರಲ್ಲಿದ್ದರೆ 'ದೋಷ' ಎಂಬ ಹೆಸರಿನಡಿ 'ಹೌದು' ಎಂದು ಗುರುತು ಹಾಕುತ್ತದೆ. ಇಲ್ಲದಿದ್ದರೆ ಏನೂ ಮಾಡುವುದಿಲ್ಲ. ಏನೂ ಇಡದ ಹೆಸರನ್ನು ಈ ಭಾಷೆ ತಾನಾಗಿಯೇ 'ಇಲ್ಲ' ಎಂದು ಎಣಿಸುತ್ತದೆ, ಹಾಗಾಗಿ 'ಇಲ್ಲ' ಎಂದು ಬರೆಯುವ ಗೋಜಿಗೆ ನಾನು ಹೋಗಲಿಲ್ಲ.

ಆ ಹೆಸರಿನ ಹಿಂದೆ ಒಂದು ಚಿಕ್ಕ ಪದ ಸೇರಿಸಿ ಘೋಷಿಸಿದ್ದರೆ ಅದರ ವ್ಯಾಪ್ತಿ ಒಂದು ಸುತ್ತಿಗೆ ಮುಗಿಯುತ್ತಿತ್ತು. ಮುಂದಿನವರು ಬಂದಾಗ ಹೊಸದಾಗಿ, ಖಾಲಿಯಾಗಿ ಹುಟ್ಟುತ್ತಿತ್ತು. ನಾನು ಆ ಪದ ಬರೆಯಲಿಲ್ಲ. ಬರೆಯದಿದ್ದರೆ ಹೆಸರು ಇಡೀ ಪ್ರೋಗ್ರಾಮಿಗೆ ಸೇರಿಬಿಡುತ್ತದೆ. ಒಬ್ಬರಿಗೆ 'ಹೌದು' ಎಂದು ಬಿದ್ದ ಗುರುತನ್ನು ಅಳಿಸುವವರೇ ಇಲ್ಲ. ಸಾರಿನ ಸೌಟನ್ನು ತೊಳೆಯದೆ ಪಾಯಸಕ್ಕೆ ಹಾಕಿದ ಹಾಗೆ, ಹನ್ನೊಂದನೆಯವರ ದೋಷ ಹನ್ನೆರಡು, ಹದಿಮೂರು ಎಂದು ಕೊನೆಯ ತನಕ ಅಂಟಿಕೊಂಡು ಹೋಗಿದೆ.

ಅವತ್ತು ನಾನು ಪರೀಕ್ಷೆ ಮಾಡಿದ್ದು ಮೂರು ಜಾತಕ ಹಾಕಿ. ದೋಷವಿದ್ದದ್ದು ಮೂರನೆಯದರಲ್ಲಿ. ಅದು ಮೊದಲನೆಯದಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಈ ತಪ್ಪನ್ನು ನಾನು ಪ್ರತಿ ವರ್ಷ ಮೊದಲ ಸೆಮಿಸ್ಟರಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಮಾಡಿದವರ ಅಂಕ ಕಳೆಯುತ್ತೇನೆ.

ಅಂಕಲ್, ಇದು ಪುಸ್ತಕಕ್ಕೆ ಮಾತ್ರ ಆದದ್ದಲ್ಲ. ಆರು ವರ್ಷ, ಪ್ರತಿ ತಿಂಗಳೂ ಆಗಿದೆ. ಗುಂಡಿ ಒತ್ತಿದಾಗಲೆಲ್ಲ ಪ್ರೋಗ್ರಾಂ ಹೊಸದಾಗಿ ಶುರುವಾಗುತ್ತದೆ, ಆದರೆ ಒಮ್ಮೆ ಗುರುತು ಬಿದ್ದರೆ ಆ ಕಟ್ಟಿನ ಕೊನೆಯ ತನಕ ಅಂಟುತ್ತದೆ. ತಿಂಗಳ ಎಂಟೊಂಬತ್ತು ಜಾತಕಗಳಲ್ಲಿ ನಿಜವಾದ ದೋಷ ಎರಡನೆಯವರಿಗೆ ಬಂದಿದ್ದರೆ ಉಳಿದ ಆರೇಳು ಜನರ ಹಾಳೆಯಲ್ಲೂ ಅದೇ ಅಚ್ಚಾಗಿದೆ. ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ದೋಷದ ಹಾಳೆಯನ್ನು ಯಾವ ತಾಯಿಯೂ ಪಕ್ಕದ ಮನೆಯವರಿಗೆ ತೋರಿಸುವುದಿಲ್ಲ. ಮಡಚಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತಾಳೆ. ನಾಲ್ಕು ಜನ ಒಂದು ಕಡೆ ಕೂತು ಬಾಯಿಬಿಟ್ಟಿದ್ದರೆ ಸಾಕಿತ್ತು.

ಸಿಸೇರಿಯನ್ ಅಲ್ಲ ಅಂಕಲ್.

ತಿಂಗಳುವಾರು ಅಚ್ಚಾದ ಹಳೆಯ ಹಾಳೆಗಳ ಪ್ರತಿ ಇದ್ದರೆ ದಯವಿಟ್ಟು ಕಳುಹಿಸಿ. ಯಾರ್ಯಾರಿಗೆ ಸುಳ್ಳು ಹೋಗಿದೆಯೋ ಅವರಿಗೆಲ್ಲ ಕಾಗದ ಬರೆಯಬೇಕು. ಎಷ್ಟು ಜನರಿದ್ದರೂ ನಾನೇ ಕೂತು ಬರೆಯುತ್ತೇನೆ.

ಪ್ರಕೃತಿ


ಜಯನಗರ
೨೦ ಫೆಬ್ರವರಿ ೨೦೨೫

ಚಿ. ಪ್ರಕೃತಿಗೆ ಆಶೀರ್ವಾದಗಳು.

ಒಂದು ಪದ ಸೇರಿಸಿದರೆ ಸರಿಹೋಗುತ್ತದೆ ಎಂದೆಯಲ್ಲ, ನನ್ನ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಸೇರಿಸಿ ಕಳುಹಿಸು.

ಉಳಿದದ್ದರ ಬಗ್ಗೆ ಹಿರಿಯನಾಗಿ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಕೆಲಸಕ್ಕೆ, ಹೆಸರಿಗೆ ಕುತ್ತು ಬರುತ್ತದೆಂದು ಹೆದರಿದ್ದೀಯ, ಕಾಗದದಲ್ಲೇ ಕಾಣುತ್ತದೆ. ನಾನು ಯಾರ ಮುಂದೆಯೂ ನಿನ್ನ ಹೆಸರೆತ್ತುವುದಿಲ್ಲ. ಪುಸ್ತಕದ ಮೊದಲ ಪುಟದಲ್ಲಿ "ಹೊಸ ಗಣಿತಕ್ಕೆ ಅನುಗುಣವಾಗಿ ಪರಿಷ್ಕರಿಸಲಾಗಿದೆ" ಎಂದು ಒಂದು ಸಾಲು ಹಾಕಿಸುತ್ತೇನೆ. ದೋಷ ಹೋಯಿತೆಂದರೆ ಬೇಡ ಎನ್ನುವವರು ಯಾರು?

ಮದುವೆಯಾಗಿ ಹೋದವರಿಗೆ ಕಾಗದ ಬರೆದು ಏನು ಮಾಡುತ್ತೀಯ? ಸಂಸಾರ ಮಾಡುತ್ತಿರುವವರ ತಲೆಯಲ್ಲಿ ಹುಳ ಬಿಟ್ಟ ಹಾಗೆ. ಮುಗಿದದ್ದು ಮುಗಿಯಿತು. ಹಳೆಯ ಹಾಳೆಗಳಿಗೆ ಗೆದ್ದಲು ಹತ್ತಿತ್ತು, ಹೊರಗೆ ಹಾಕಿಸಿದೆ.

ನಿನ್ನ ಹಿತೈಷಿ,
ಬದರಿನಾಥ


ಧಾರವಾಡ
೩ ಮಾರ್ಚ್ ೨೦೨೫

ಬದರಿ ಅಂಕಲ್‌ಗೆ,

ನನ್ನ ಹೆಸರಿನ ಚಿಂತೆ ನನಗಿಲ್ಲ. ಕಳೆದ ಕಾಗದದಲ್ಲಿ ಬರೆಯಬೇಕಾಗಿದ್ದದ್ದನ್ನು ಬರೆಯಲಿಲ್ಲ. ಈಗ ಬರೆಯುತ್ತೇನೆ.

ಅಕ್ಕ ಹುಳಿಮಾವಿನಿಂದ ತವರಿಗೆ ಬಂದು ಹೋಗುತ್ತಿಲ್ಲ. ಹೋದ ಆಷಾಢದಿಂದ ಅಮ್ಮನ ಮನೆಯಲ್ಲೇ ಇದ್ದಾಳೆ. ಅಮ್ಮ ಯಾರಿಗೂ ಹೇಳಿಲ್ಲ, ನಿಮಗೂ ಹೇಳಬಾರದೆಂದಿದ್ದೆ.

೨೦೨೧ರಲ್ಲಿ ನಿಮ್ಮ ಮಗ ಆಶ್ರಿತ್ ತಾನಾಗಿಯೇ ಅಕ್ಕನನ್ನು ಕೇಳಿದ್ದ. ಅಪ್ಪ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ, ಅಮ್ಮನ ಮುಖದಲ್ಲಿ ನಗು ಕಂಡದ್ದು ಆ ಒಂದು ವಾರ ಮಾತ್ರ. ಆಮೇಲೆ ನೀವು ಹಾಳೆ ಹಿಡಿದು ಬಂದಿರಿ. "ಏನ್ಮಾಡೋದು ವಿಮಲಮ್ಮ, ನಮ್ ಹುಡುಗಂದು ಶುದ್ಧ ಜಾತಕ. ಇವಳದ್ದು ಹೀಗ್ ಬಂದ್ಬಿಟ್ಟಿದೆ. ನಂಗೇನೋ ಆಸೆ ಇತ್ತು" ಎಂದಿರಿ. ಅಮ್ಮ ನಿಮಗೆ ಕಾಫಿ ಕೊಟ್ಟಳು. ನೀವು ಕುಡಿದೇ ಹೋದಿರಿ, ಅದನ್ನು ಅಮ್ಮ ದೊಡ್ಡತನ ಎಂದು ಈಗಲೂ ಹೇಳುತ್ತಾಳೆ.

ಆಮೇಲೆ ಅಕ್ಕನಿಗೆ ನಿಮ್ಮ ಕೇಂದ್ರದ ದೋಷದ ಪಟ್ಟಿಯಿಂದಲೇ ಶ್ರೀಕರ್ ಸಿಕ್ಕ. ಮದುವೆಗೆ ಮೊದಲು ಅವಳಿಗೆ ಬಾಳೆಗಿಡದ ಜೊತೆ ತಾಳಿ ಕಟ್ಟಿಸಿದರು. ದೋಷ ಆ ಬಾಳೆಗೇ ಹೋಗಲಿ ಎಂದು ಅದನ್ನು ಕಡಿದು ಹಾಕಿದರು. ಫಿಸಿಕ್ಸ್ ಎಂಎಸ್ಸಿ ಓದಿದವಳು ಒದ್ದೆ ಸೀರೆಯಲ್ಲಿ ನಿಂತು ಅದನ್ನು ನೋಡಿದಳು. ಮದುವೆಯಾಗಿ ಹತ್ತು ತಿಂಗಳಿಗೆ ಅವಳ ಮಾವ ಹೃದಯಾಘಾತದಿಂದ ಹೋದರು. ಅಂದಿನಿಂದ ಆ ಮನೆಯಲ್ಲಿ ಎಲ್ಲದಕ್ಕೂ ಅವಳ ಕುಜನೇ ಕಾರಣ. ಅವಳತ್ತೆ ಎದುರಿಗೇ, "ನಮ್ ಹುಡುಗಂದು ಸ್ವಲ್ಪ ದೋಷ ಅಷ್ಟೇ, ಇವಳದ್ದು ಪೂರ್ತಿ" ಎನ್ನುತ್ತಿದ್ದರು. ಶ್ರೀಕರ್ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಅವನೇ ತಂದು ಬಿಟ್ಟುಹೋದ.

ಇದಿಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಅವಳೂ ನಂಬಿದ್ದಾಳೆ ಅಂಕಲ್. ಪ್ರತಿ ಮಂಗಳವಾರ ಒಪ್ಪತ್ತೂ ಉಣ್ಣದೆ ಕೂರುತ್ತಾಳೆ. ಮೊನ್ನೆ ಅಮ್ಮನಿಗೆ ಬಿ.ಪಿ. ಏರಿದಾಗ ಫೋನ್ ಮಾಡಿ, "ನಾನ್ ಇಲ್ಲಿರ್ಬಾರ್ದು ಕಣೇ, ಅಮ್ಮನಿಗೂ ಏನಾದ್ರೂ ಆಗುತ್ತೆ" ಎಂದಳು.

ನಾನು ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎನ್ನುತ್ತಾಳೆ. ನಿಮ್ಮ ಮಾತನ್ನು ನಂಬುತ್ತಾಳೆ. ಅವಳ ಕುಂಡಲಿಯನ್ನು ನಿಮ್ಮ ಕೈಯಲ್ಲೇ ಹೊಸದಾಗಿ ಬರೆದು, ಕುಜ ಎಲ್ಲಿದ್ದಾನೋ ತೋರಿಸಿ, ಅಂದು ಕೊಟ್ಟ ಹಾಳೆ ತಪ್ಪೆಂದು ಸಹಿ ಹಾಕಿ ಕಳುಹಿಸಿ. ಒಂದು ಹಾಳೆ. ಬೇರೆ ಏನನ್ನೂ ನಾನು ಕೇಳುವುದಿಲ್ಲ.

ಪ್ರಕೃತಿ


ಜಯನಗರ
೨೧ ಮಾರ್ಚ್ ೨೦೨೫

ಚಿ. ಪ್ರಕೃತಿಗೆ,

ಸಮನ್ವಿತಾಳ ವಿಷಯ ಓದಿ ಬಹಳ ಸಂಕಟವಾಯಿತು. ದೇವರು ದೊಡ್ಡವನು.

ನೀನು ಕೇಳಿದ್ದನ್ನು ಮಾಡಬಾರದೆಂದಲ್ಲ. ಆದರೆ ಕೇಂದ್ರದ ಹಾಳೆ ತಪ್ಪೆಂದು ಅಧ್ಯಕ್ಷನಾದ ನಾನೇ ಸಹಿ ಹಾಕಿದರೆ ನಾಳೆ ಅದನ್ನು ಹಿಡಿದು ಯಾರು ಎಲ್ಲಿಗೆ ಹೋಗುತ್ತಾರೋ! ಶ್ರೀಕರನ ಮನೆಯವರೇ ಮೊದಲು ಬರುತ್ತಾರೆ. ನೀನು ಒತ್ತಾಯ ಮಾಡುವ ಧಾಟಿ ನೋಡಿದರೆ ನನಗೇ ಸ್ವಲ್ಪ ಭಯವಾಗುತ್ತದೆ. ನಿಮ್ಮ ತಂದೆ ಇದ್ದಿದ್ದರೆ ಹೀಗೆ ಬರೆಯುತ್ತಿದ್ದೆಯಾ? ಯುಗಾದಿ ಕಳೆಯಲಿ, ಸಮಾವೇಶ ಮುಗಿಯಲಿ, ಕೂತು ಯೋಚಿಸೋಣ.

ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ನೀನು ತಿದ್ದಿ ಕಳುಹಿಸಿದ ಪ್ರೋಗ್ರಾಂ ಇಲ್ಲಿ ತೆರೆದುಕೊಳ್ಳುತ್ತಿಲ್ಲ. ಕಂಪ್ಯೂಟರಿನಲ್ಲಿದ್ದ ಜಾತಕಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಇದರ ಜೊತೆ ಇಟ್ಟಿದ್ದೇನೆ. ನೀನೇ ಅಲ್ಲಿ ಹಾಕಿ, ಬಂದದ್ದನ್ನು ಅಚ್ಚು ಮಾಡಿ ತಿರುಗಿ ಕಳುಹಿಸು. ತುರ್ತು.

ಬದರಿನಾಥ


ಧಾರವಾಡ
೪ ಏಪ್ರಿಲ್ ೨೦೨೫

ಶ್ರೀ ಬದರಿನಾಥ ಅವರಿಗೆ,

ನಿಮ್ಮ ಪುಸ್ತಕಕ್ಕೆ ಬೇಕಾದದ್ದೆಲ್ಲ ಇದರ ಜೊತೆ ಇದೆ. ಆರುನೂರ ನಲವತ್ತರಲ್ಲಿ ದೋಷವಿರುವವರು ನೂರ ಆರು ಜನ. ಅಷ್ಟೇ. ನೀವು ಹಳೆಯ ಹಾಳೆಗಳಿಗೆ ಗೆದ್ದಲು ಹಿಡಿಸಿದಿರಿ, ಆದರೆ ಪೆನ್‌ಡ್ರೈವಿನಲ್ಲಿ ಒಂದೊಂದು ತಿಂಗಳಿನದೂ ಬೇರೆಬೇರೆಯಾಗಿ, ನೀವು ಕುಟ್ಟಿದ ಕ್ರಮದಲ್ಲೇ ಇದೆ. ಹಳೆಯ ಪ್ರೋಗ್ರಾಮಿಗೆ ಒಂದೊಂದನ್ನೂ ಹಾಕಿದೆ. ಅಂದು ಏನು ಅಚ್ಚಾಗಿತ್ತೋ ಅದೇ ಮತ್ತೆ ಬಂತು. ಇನ್ನೂರ ತೊಂಬತ್ತೆರಡು ಜನರಿಗೆ ಸುಳ್ಳು ದೋಷ ಕೊಟ್ಟಿದ್ದೇವೆ, ನೀವೂ ನಾನೂ ಸೇರಿ. ಶ್ರೀಕರ್ ಅವರಲ್ಲಿ ಒಬ್ಬ. ಇಲ್ಲದ ದೋಷದವನನ್ನು ಹುಡುಕಿ ಇಲ್ಲದ ದೋಷದವಳಿಗೆ ಕಟ್ಟಿದೆವು.

೨೦೨೧ರ ಮಾರ್ಚ್ ತಿಂಗಳದ್ದನ್ನು ನಾನು ತುಂಬ ಹೊತ್ತು ನೋಡಿದೆ. ಅದರಲ್ಲಿ ಒಂಬತ್ತು ಜಾತಕಗಳಿವೆ. ಮೂರನೆಯವರು ಯಾರೋ ಕತ್ರಿಗುಪ್ಪೆಯ ಹುಡುಗ, ಕುಜ ಏಳರಲ್ಲಿ. ನಿಜವಾದ ದೋಷ. ಐದನೆಯದು ಅಕ್ಕನದು. ಕುಜ ಆರರಲ್ಲಿದ್ದಾನೆ, ದೋಷವಿಲ್ಲ. ಆ ಆರು ಎಂಬ ಅಂಕಿಯನ್ನು ಕುಟ್ಟಿದ್ದು ನಿಮ್ಮ ಬೆರಳು. ಆದರೂ ಅವಳ ಹಾಳೆಯಲ್ಲಿ ದೋಷವಿದೆ ಎಂದು ಬಂತು, ಮೂರನೆಯವನದು ಅಂಟಿತ್ತಲ್ಲ.

ಏಳನೆಯದು ಆಶ್ರಿತ್‌ನದು. ಕುಜ ಮೂರರಲ್ಲಿ.

ಅಂಟಿದ್ದು ಐದಕ್ಕೆ ನಿಂತು ಏಳನ್ನು ಬಿಡುವುದಿಲ್ಲ. ಪ್ರೋಗ್ರಾಮಿಗೆ ಅಧ್ಯಕ್ಷರ ಮಗ ಯಾರು, ಗಂಡನಿಲ್ಲದ ವಿಮಲಮ್ಮನ ಮಗಳು ಯಾರು ಎಂದು ಗೊತ್ತಿರುವುದಿಲ್ಲ. ಮೂರು ಸಲ ಹಾಕಿ ನೋಡಿದೆ, ಮೂರು ಸಲವೂ ಆಶ್ರಿತ್‌ಗೆ ಕುಜದೋಷವಿದೆ ಎಂದೇ ಬಂತು. ನೀವು ಅಮ್ಮನ ಮುಂದೆ ಕೂತು ಶುದ್ಧ ಜಾತಕ ಎಂದಿರಲ್ಲ, ಅವತ್ತು ನಿಮ್ಮ ಮಗನ ಹಾಳೆಯಲ್ಲಿ ಏನು ಅಚ್ಚಾಗಿತ್ತು?

ಪ್ರಕೃತಿ


ಜಯನಗರ
೩ ಮೇ ೨೦೨೫

ಪ್ರಕೃತಿಗೆ,

ತಿಂಗಳು ಸುಮ್ಮನಿದ್ದೆ. ಸಮಾವೇಶ ಮುಗಿಯಿತು. ನೂರಾರು ತಾಯಂದಿರು ಪುಸ್ತಕ ತೆರೆದು ತಮ್ಮ ಮಕ್ಕಳ ಹೆಸರಿನ ಮುಂದೆ ದೋಷವಿಲ್ಲ ಎಂದಿದ್ದನ್ನು ಕಂಡು ನನ್ನ ಕಾಲಿಗೆ ಬಿದ್ದರು. ಒಬ್ಬಾಕೆ ಅತ್ತೇಬಿಟ್ಟರು. ನನಗೆ ಕಿವಿ ಕೇಳಿಸದಿರುವುದು ಒಳ್ಳೆಯದೇ ಆಯಿತು.

ನೀನು ಊಹಿಸಿದ್ದು ಸರಿ. ಆಶ್ರಿತ್‌ನ ಹಾಳೆಯಲ್ಲೂ ದೋಷವಿದೆ ಎಂದೇ ಬಂದಿತ್ತು. ಅವನು ಹುಟ್ಟಿದ ದಿನ ಜಾತಕ ಬರೆದವನು ನಾನು. ಕುಜ ಮೂರರಲ್ಲಿರುವುದು ನನಗೆ ಬಾಯಿಪಾಠ. ಯಂತ್ರ ಎಡವಿದೆ ಎಂದುಕೊಂಡು ಪೆನ್ನಿನಲ್ಲಿ ಹೊಡೆದು ತಿದ್ದಿದೆ.

ಅದೇ ಕಟ್ಟಿನಲ್ಲಿ ಎರಡು ಹಾಳೆ ಮೇಲೆ ಸಮನ್ವಿತಾಳದು. ಅವಳ ಕುಜನ ಮನೆಯನ್ನು ತಿರುಗಿ ನೋಡಲಿಲ್ಲ. ನೋಡಿದರೆ ಏನು ಕಾಣುತ್ತದೆಂಬ ಅನುಮಾನ ಇತ್ತು, ಅದಕ್ಕೇ ನೋಡಲಿಲ್ಲ. ನಿಮ್ಮ ತಂದೆ ಇರಲಿಲ್ಲ. ನಿಮ್ಮಮ್ಮ, ನೀನು, ಆ ಮನೆಯ ಎಲ್ಲ ಜವಾಬ್ದಾರಿ ಆಶ್ರಿತ್‌ನ ತಲೆಗೆ ಬರುತ್ತದೆಂದು ಹೆದರಿದೆ. ಇಪ್ಪತ್ತು ವರ್ಷ ಒಟ್ಟಿಗೆ ವಾಕಿಂಗ್ ಹೋದ ಗೆಳೆಯನ ಹೆಂಡತಿಗೆ ಬೇಡ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಹಾಳೆ ನನ್ನ ಪರವಾಗಿ ಹೇಳಿತು. ಆಮೇಲೆ ಯಾವ ತಿಂಗಳೂ ನಾನು ಅನುಮಾನ ಪಡಲಿಲ್ಲ, ಪಟ್ಟರೆ ಸಮನ್ವಿತಾಳ ಹಾಳೆಯೂ ತಪ್ಪೆಂದು ಒಪ್ಪಬೇಕಾಗುತ್ತಿತ್ತು. ಸಿಸೇರಿಯನ್ ಎಂದು ಭಾಷಣ ಮಾಡಿದೆ.

ಆಶ್ರಿತ್‌ಗೆ ಇದು ತಿಳಿಯದು. ಅವನ ಸಂಸಾರ ಚೆನ್ನಾಗಿದೆ, ಅವನಿಗೆ ತಿಳಿಸಬೇಡ.

ನೀನು ಕೇಳಿದ ಕುಂಡಲಿ ಇದರ ಜೊತೆ ಇದೆ. ಕೈಯಾರೆ ಬರೆದು ಸಹಿ ಹಾಕಿದ್ದೇನೆ. ನಾಲ್ಕು ವರ್ಷದ ಹಿಂದೆ ಅರ್ಧ ನಿಮಿಷದ ಕೆಲಸವಾಗಿತ್ತು.

ಬದರಿನಾಥ


ಪದ್ಮನಾಭನಗರ, ಬೆಂಗಳೂರು
೧೫ ಮೇ ೨೦೨೫

ಬದರಿನಾಥ ಅವರಿಗೆ,

ರಜೆ ಬಂತು, ಮನೆಗೆ ಬಂದಿದ್ದೇನೆ. ನಿಮ್ಮ ಮನೆ ಇಲ್ಲಿಂದ ಬಸ್ಸಿನಲ್ಲಿ ಕಾಲು ಗಂಟೆಯ ದಾರಿ, ಆದರೂ ಇದನ್ನು ಅಂಚೆಗೇ ಹಾಕುತ್ತೇನೆ. ಇದು ಕೊನೆಯದು.

ದೋಷ ಎರಡು ಕಡೆಯೂ ಇದ್ದರೆ ಒಂದಕ್ಕೊಂದು ಸರಿಹೋಯಿತು ಎನ್ನುವುದು ನಿಮ್ಮದೇ ಪದ್ಧತಿ. ಎರಡು ಹಾಳೆಯನ್ನೂ ತಿದ್ದಿದ್ದರೆ ಆ ಮದುವೆ ಆಗುತ್ತಿತ್ತು. ಎರಡನ್ನೂ ತಪ್ಪಾಗಿಯೇ ಬಿಟ್ಟಿದ್ದರೂ ಆಗುತ್ತಿತ್ತು. ನೀವು ಒಂದನ್ನೇ ತಿದ್ದಿದಿರಿ. ನಿಮ್ಮ ಕಾಗದ ಬಂದ ದಿನದಿಂದ ಈ ನಾಲ್ಕು ವಾಕ್ಯಗಳನ್ನು ನಿಮ್ಮ ಮುಖಕ್ಕೆ ಎಸೆಯಬೇಕೆಂದು ಕಾದಿದ್ದೆ. ಎಸೆದಿದ್ದೇನೆ. ಸಿಟ್ಟು ಕಡಿಮೆಯಾಗಲಿಲ್ಲ.

ಮೊನ್ನೆ ಮಂಗಳವಾರ ಅಕ್ಕ ಹೂ ಕಟ್ಟುತ್ತ ಕೂತಿದ್ದಳು. ಎದುರಿಗೆ ಕೂತು ಕುಂಡಲಿಯನ್ನೂ ನಿಮ್ಮ ಕಾಗದವನ್ನೂ ಕೊಟ್ಟೆ. ನನ್ನ ತಪ್ಪು ಏನೆಂದು ಹೇಳಿದೆ. ಎರಡು ಸಲ ಓದಿದಳು. ಅಳುತ್ತಾಳೆ, ಇಲ್ಲವೇ ನಿಮ್ಮನ್ನು ಶಪಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದಳು:

"ಹಂಗಾದ್ರೆ ಶ್ರೀಕರ್ ನನ್ನ ಬಿಟ್ಟಿದ್ದು ಯಾಕೆ?"

ಮತ್ತೆ ಅವಳೇ, "ಕುಜ ಅಂತ ಒಂದ್ ಕಾರಣ ಆದ್ರೂ ಇತ್ತು. ಅದನ್ನೂ ಕಿತ್ಕೊಂಡ್ಯಲ್ಲೇ" ಎಂದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋಗಿಬಿಟ್ಟಳು.

ಇನ್ನೊಂದು ವಿಷಯವನ್ನು ನಾನು ಇಷ್ಟು ಕಾಗದಗಳಲ್ಲಿ ನಿಮಗೆ ಬರೆದಿಲ್ಲ. ನೀವು ಹಾಳೆ ತಂದುಕೊಟ್ಟು ಹೋದ ದಿನ ಸಂಜೆ ಅಕ್ಕ ನನ್ನ ಹತ್ತಿರ ಬಂದಿದ್ದಳು. "ನೀನೇ ಅಲ್ವೇನೇ ಬರ್ದಿದ್ದು, ಒಂದ್ಸಲ ನಂದೊಂದೇ ಹಾಕ್ ನೋಡೇ" ಎಂದಿದ್ದಳು. ಅವಳದ್ದೊಂದನ್ನೇ ಹಾಕಿದ್ದರೆ ಅಂಟಲು ಹಿಂದೆ ಯಾರೂ ಇರುತ್ತಿರಲಿಲ್ಲ. ಅವತ್ತು ನನಗೆ ಧಾರವಾಡದ ಇಂಟರ್‌ವ್ಯೂ ಇತ್ತು, ಬ್ಯಾಗು ತುಂಬುತ್ತಿದ್ದೆ. "ಕಂಪ್ಯೂಟರ್ ಸುಳ್ಳ್ ಹೇಳಲ್ಲ ಅಕ್ಕ" ಎಂದೆ. ನಾನು ಮರೆತಿರಲಿಲ್ಲ. ಅವಳು ಮರೆತಿರಲಿ ಎಂದು ಆಶಿಸಿದ್ದೆ.

ಅವಳು ಹೂವಿನ ದಾರ ಕಡಿದು, ಕಾಗದವನ್ನು ಮಡಚಿ ನನ್ನ ಕೈಗೆ ವಾಪಸು ಕೊಟ್ಟು ಹೇಳಿದಳು: "ಅಂಕಲ್ ಮೇಲೆ ನಂಗೇನೂ ಇಲ್ಲ. ಅವರು ಅವರ ಮಗಂದು ನೋಡ್ಕೊಂಡ್ರು. ನನ್ನದನ್ನ ನೀನ್ ನೋಡ್ಬೇಕಿತ್ತು."

ಮಧ್ಯಾಹ್ನ ಅಮ್ಮ ಎಲ್ಲರಿಗೂ ತಟ್ಟೆ ಹಾಕಿದಳು. ಅಷ್ಟು ಮಂಗಳವಾರಗಳಾದ ಮೇಲೆ ಅಕ್ಕ ಬಂದು ಊಟಕ್ಕೆ ಕೂತಳು. ನಾನು ಬಡಿಸಲು ಹೋದೆ. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಬಡಿಸಿಕೊಂಡಳು.

ಪ್ರಕೃತಿ